ಹಳೇ ಪದ, ಹೊಸ ಆಲ್ಬಂ (ಭಾಗ 4)

"ಎಷ್ಟು ಸಲ ಅಂತ ಅದೇ ಶರೀಫಜ್ಜನನ್ನು ಹಾಡೋದು?"

ರಘು ದೀಕ್ಷಿತ್ ಪ್ರಾಜೆಕ್ಟ್ ಹೆಸರೆತ್ತಿದ್ರೆ ಒಬ್ಬರಾದ್ರೂ ಹೀಗೆ ಕೇಳ್ತಾರೆ. ನಾನು ಹೇಳೋದು ಇಷ್ಟೇ: ಹಾಡಲಿ ಮಾರಾಯ್ರೆ!

2008ರ ಮೊದಲ ಆಲ್ಬಂನಲ್ಲಿ ಶಿಶುನಾಳ ಶರೀಫರ ಎರಡು ಪದ ಉಂಟು, 'ಸೋರುತಿಹುದು ಮನೆಯ ಮಾಳಿಗಿ' ಮತ್ತು 'ಗುಡುಗುಡಿಯ ಸೇದಿ ನೋಡೋ'. ಐದು ವರ್ಷ ಬಿಟ್ಟು, 2013ರಲ್ಲಿ 'ಜಗ್ ಚಂಗಾ' ಬಂತು. ಅದರಲ್ಲೂ ಶರೀಫರು: 'ಲೋಕದ ಕಾಳಜಿ'. ಮತ್ತೆ ಕನ್ನಡ, ಹಿಂದಿ ಒಟ್ಟೊಟ್ಟಿಗೆ. ಮತ್ತೆ ಅದೇ ಏರು ಗಂಟಲು. ಮೇಲಿಂದ ನೋಡಿದ್ರೆ ಅದೇ ಸಾರು, ಬೇರೆ ಬಟ್ಟಲು.

ಆದ್ರೆ ಎರಡನ್ನೂ ಒಂದರ ಹಿಂದೆ ಒಂದು ಕೇಳಿ ನೋಡಿ. ಮೊದಲ ಆಲ್ಬಂನ ಶರೀಫರು ಒಳಗೆ ನೋಡ್ತಾರೆ. ಸೋರುವ ಮಾಳಿಗೆ ನಮ್ಮದೇ ಅಜ್ಞಾನದ್ದು. ಎರಡನೆಯದರಲ್ಲಿ ಬಾಗಿಲು ತೆಗೆದು ಹೊರಗೆ ಬರ್ತಾರೆ, ಲೋಕದ ಚಿಂತೆ ಹೊತ್ತು ತಿರುಗುವವನ ಕಾಲೆಳೀತಾರೆ. ರಘು ಹಿಂದೆ ಕಟ್ಟಿದ ತಂಡದ ಹೆಸರು 'ಅಂತರಾಗ್ನಿ'. ಎರಡನೇ ಆಲ್ಬಂ ಹೆಸರಿನ ಅರ್ಥ 'ಜಗ ಚೆನ್ನ'. ಒಳಗಿನ ಬೆಂಕಿಯಿಂದ ಹೊರಗಿನ ಜಗತ್ತಿನವರೆಗೆ ದಾರಿ ಸಾಗಿದೆ, ಜೊತೆಗಾರ ಮಾತ್ರ ಅದೇ ಶರೀಫಜ್ಜ.

ನಮ್ಮ ಬೆಳುವಾಯಿ, ಮೂಡುಬಿದಿರೆ ಕಡೆಯವರಿಗೆ ಇದನ್ನು ಬಿಡಿಸಿ ಹೇಳ್ಬೇಕಾ? ಕಟೀಲು ಮೇಳದ 'ದೇವಿಮಹಾತ್ಮೆ' ಎಷ್ಟು ಸಲ ನೋಡಿಲ್ಲ ನಾವು? ಕಥೆ ಗೊತ್ತುಂಟು, ಆದರೂ "ಇವತ್ತು ಮಹಿಷಾಸುರ ಯಾರು, ಭಾಗವತರು ಯಾರು?" ಅಂತ ಕೇಳಿಕೊಂಡೇ ಹೋಗ್ತೇವೆ. ಪ್ರಸಂಗ ಹಳತು, ಆದರೆ ಆ ರಾತ್ರಿಯ ಆಟ ಹೊಸತು.

ಶರೀಫರು ಬದುಕಿದ್ದು 1819ರಿಂದ 1889. 1990ರಲ್ಲಿ ನಾಗಾಭರಣರ 'ಸಂತ ಶಿಶುನಾಳ ಶರೀಫ' ಸಿನಿಮಾಕ್ಕೆ ಸಿ. ಅಶ್ವಥ್ ಸಂಗೀತ ಕೊಟ್ಟರು. ಆ ಕಂಠ ಕಿವಿಯಲ್ಲಿ ಕೂತಮೇಲೆ ಅದೇ ಪದಕ್ಕೆ ಬೇರೆ ದಾರಿ ಹುಡುಕೋದು ಸಣ್ಣ ಧೈರ್ಯ ಅಲ್ಲ. ರಘು ಅಶ್ವಥ್ ಹಾಗೆ ಹಾಡಲಿಲ್ಲ, ಅದಕ್ಕೇ ಉಳಿದರು.

ನನ್ನ ತಕರಾರು ಇರೋದು ನಮ್ಮ ಮೇಲೆ. ಕಾಲೇಜು ಡೇಗಳಲ್ಲಿ ನಮ್ಮ ಹುಡುಗ್ರ ಬ್ಯಾಂಡ್ ರಘು ಹಾಡಿದ ಹಾಗೇ ಶರೀಫರನ್ನು ಹಾಡ್ತದೆ. ಲುಂಗಿ, ಗೆಜ್ಜೆ ಸಮೇತ! ಪ್ರತಿಧ್ವನಿ ಜೋರಾಗಿಯೇ ಕೇಳ್ತದೆ, ಕೂಗಿದವನ ಸ್ವರ ಮಾತ್ರ ಇಲ್ಲ. ನಮ್ಮಲ್ಲಿ ಪಾಡ್ದನ ಇಲ್ವಾ? ಗದ್ದೆಯ ಓಬೇಲೆ ಹಾಡು ಇಲ್ವಾ? ನಾಟಿ ಮಾಡುವ ಅಜ್ಜಿಯಂದಿರು ಇರುವಾಗಲೇ ಕೇಳಿ ಕಲಿತುಕೊಳ್ಬೇಕು.

ರಘುವಿನಿಂದ ರಾಗ ತಗೊಳ್ಬೇಡಿ, ಹಟ ತಗೊಳ್ಳಿ. ಒಂದೇ ಬಾವಿಗೆ ಮತ್ತೆ ಮತ್ತೆ ಹಗ್ಗ ಇಳಿಸುವ ಹಟ.

ನಿಮ್ಮ ಬಾವಿ ಯಾವುದು? ಹೇಳಿ 👇

#ಹಳೇಪದಹೊಸಆಲ್ಬಂ #ಬೆಳುವಾಯಿ #ಶಿಶುನಾಳಶರೀಫ