ಭಾರಜಲಕ್ಕೆ ಕನ್ನಡ ಬರುವುದಿಲ್ಲವೇ?

ಬೈಲಹೊಂಗಲ, ಸವದತ್ತಿ ಕಡೆಯ ಕಾಲೇಜುಗಳಿಗೆ ವೃತ್ತಿ ಮಾರ್ಗದರ್ಶನ ಮಾಡಲು ಬರುವವರ ಮೇಲೆ ನನ್ನದೊಂದು ತಕರಾರಿದೆ. ಕೆಮಿಕಲ್ ಎಂಜಿನಿಯರಿಂಗ್ ಓದಿ, ಗೇಟ್ ಪಾಸಾಗಿ, ಅಣು ವಿದ್ಯುತ್ ನಿಗಮ ಸೇರಿ ಎನ್ನುತ್ತಾರೆ. ಪಗಾರ, ಕ್ವಾರ್ಟರ್ಸ್, ದೇಶಸೇವೆ ಎಲ್ಲ ವರ್ಣಿಸುತ್ತಾರೆ. ಅಲ್ಲಿ ಹೋಗಿ ಮಾಡುವ ಕೆಲಸವೇನು ಎಂಬುದೊಂದನ್ನು ಬಿಟ್ಟು. ನಮ್ಮ ಸಾಹಿತಿಗಳೂ ಕಡಿಮೆಯಿಲ್ಲ. ಅವರಿಗೆ ಅಣು ಎಂದರೆ ಹಿರೋಷಿಮಾ, ಇಲ್ಲವೇ ಚೆರ್ನೋಬಿಲ್. ರಾತ್ರಿ ಪಾಳಿಯಲ್ಲಿ ನಿಂತು ನೀರಿನ ಮಾದರಿ ಪರೀಕ್ಷಿಸುವ ಮನುಷ್ಯ ಅವರ ಕಣ್ಣಿಗೆ ಬಿದ್ದಂತಿಲ್ಲ.

ಆ ಕೆಲಸದ ದೊಡ್ಡ ಪಾಲು ನೀರಿನದೇ. ಯಲ್ಲಾಪುರ ದಾಟಿ ಘಟ್ಟ ಇಳಿದರೆ ಕಾಳಿ ದಂಡೆಯ ಕೈಗಾದಲ್ಲಿ ತಲಾ 220 ಮೆಗಾವ್ಯಾಟ್‌ನ ನಾಲ್ಕು ಘಟಕಗಳಿವೆ. ನೆಲದಿಂದ ಬಂದ ಸಹಜ ಯುರೇನಿಯಂನಿಂದಲೇ ಅವು ನಡೆಯಬೇಕಾದರೆ ಭಾರಜಲ ಬೇಕು. ನೀರಿನಲ್ಲಿ ಆರೇಳು ಸಾವಿರ ಹೈಡ್ರೋಜನ್ ಪರಮಾಣುಗಳ ನಡುವೆ ಒಂದು ಡ್ಯೂಟೀರಿಯಂ ಇರುತ್ತದೆ. ಮಣುಗೂರಿನಲ್ಲಿ ಎತ್ತರದ ಗೋಪುರಗಳೊಳಗೆ, ಕೊಳೆತ ಮೊಟ್ಟೆಯ ನಾತದ ಹೈಡ್ರೋಜನ್ ಸಲ್ಫೈಡ್ ಎಂಬ ವಿಷಾನಿಲವನ್ನೂ ನೀರನ್ನೂ ಮುಖಾಮುಖಿ ಮಾಡಿ ಅದನ್ನು ಹೆಕ್ಕುತ್ತಾರೆ. ಇದು ಅಪ್ಪಟ ಕೆಮಿಕಲ್ ಎಂಜಿನಿಯರನ ಕೆಲಸ. ರಿಯಾಕ್ಟರಿನೊಳಗೆ ಇದೇ ಡ್ಯೂಟೀರಿಯಂ ನ್ಯೂಟ್ರಾನ್ ನುಂಗಿ ಟ್ರಿಟಿಯಂ ಆಗುತ್ತದೆ. ಅದು ವಿಕಿರಣ ಸೂಸುತ್ತದೆ, ಅರ್ಧ ಕರಗಲು 12 ವರ್ಷ ಚಿಲ್ಲರೆ ಬೇಕು. 2009ರ ನವೆಂಬರ್‌ನಲ್ಲಿ ಕೈಗಾದ ಕುಡಿಯುವ ನೀರಿನ ಕೂಲರ್‌ಗೆ ಯಾರೋ ಬೆರೆಸಿದ್ದು ಇಂಥ ನೀರನ್ನೇ. 50ಕ್ಕೂ ಹೆಚ್ಚು ನೌಕರರ ಮೈಸೇರಿತು. ಮೂತ್ರ ಪರೀಕ್ಷೆಯಲ್ಲಿ ಸಿಕ್ಕಿಬಿತ್ತು. ಆಗ ಕನ್ನಡ ಓದುಗನಿಗೆ ಬೇಕಾಗಿದ್ದವನು, ಈ ನೀರು ಏನು, ಎಷ್ಟು ಅಪಾಯ ಎಂದು ಬಿಡಿಸಿ ಹೇಳುವ ಒಳಗಿನವನು.

ಅವನು ಯಾಕೆ ಬರೆಯಲಿಲ್ಲ? ಕೈಗಾ ಬೇಡವೆಂದು ಶಿವರಾಮ ಕಾರಂತರು ಇಳಿವಯಸ್ಸಿನಲ್ಲಿ, 1989ರಲ್ಲಿ, ಲೋಕಸಭೆ ಚುನಾವಣೆಗೇ ನಿಂತರು. ಸೋತರು, ಆದರೆ ಜನರ ಮಾತಿನಲ್ಲಿ ವಾದ ಹೂಡಿದರು. ಆ ಕಡೆಯಿಂದ? 1987ರಿಂದ 1990ರವರೆಗೆ ಪರಮಾಣು ಶಕ್ತಿ ಆಯೋಗದ ಅಧ್ಯಕ್ಷರಾಗಿದ್ದ, ಬೆಂಗಳೂರಲ್ಲಿ ಹುಟ್ಟಿದ ಎಂ.ಆರ್. ಶ್ರೀನಿವಾಸನ್ ತಮ್ಮ ಅನುಭವಗಳನ್ನು ಬರೆದದ್ದು ಇಂಗ್ಲಿಷಿನಲ್ಲಿ. ರಾಜಾ ರಾಮಣ್ಣನವರ ಆತ್ಮಕಥೆಯೂ ಇಂಗ್ಲಿಷೇ. ದೊಡ್ಡವರು ಹೋಗಲಿ, ನಮ್ಮ ಕಿತ್ತೂರು, ರಾಮದುರ್ಗ ಕಡೆಯಿಂದ ಹೋಗಿ ಇಂಥ ಕೆಲಸಕ್ಕೆ ಸೇರುವ ಹುಡುಗ ಹುಡುಗಿಯರು? ಊರಿನ ಜಾತ್ರೆಗೆ ಬರುತ್ತಾರೆ, ಕೆಲಸದ ಮಾತೆತ್ತಿದರೆ ನಕ್ಕು ಸುಮ್ಮನಾಗುತ್ತಾರೆ.

ಗುಟ್ಟು ಬಯಲು ಮಾಡಿ ಎಂದು ಯಾರೂ ಕೇಳುತ್ತಿಲ್ಲ. 1962ರ ಕಾಯ್ದೆ ಮಾಹಿತಿಗೆ ಬೀಗ ಹಾಕಿದ್ದು ನಿಜ. ಆದರೆ ಇಂಗ್ಲಿಷ್ ಪಠ್ಯಪುಸ್ತಕದಲ್ಲಿ ಇರುವುದು ಕನ್ನಡಕ್ಕೆ ಬಂದ ಕೂಡಲೇ ಗುಟ್ಟಾಗುವುದು ಹೇಗೆ? ಇನ್ನು ಕನ್ನಡದಲ್ಲಿ ಇಂಥದ್ದು ಹೇಳಲಾಗದು ಎನ್ನುವವರು ಕಬ್ಬಿನ ಹಂಗಾಮಿನಲ್ಲಿ ರಾಮದುರ್ಗಕ್ಕೆ ಬರಲಿ. ರಿಕವರಿ ಎಷ್ಟು ಬಂತು, ತೂಕದಲ್ಲಿ ಏನಾಯಿತು, ಕಡಿದ ಕಬ್ಬು ಎರಡು ದಿನ ಗಾಡಿಯಲ್ಲೇ ನಿಂತರೆ ಸಕ್ಕರೆ ಅಂಶ ಯಾಕೆ ಇಳಿಯುತ್ತದೆ ಎಂದು ನಾಲ್ಕನೇ ಇಯತ್ತೆ ಓದಿದ ರೈತ ವಾದಿಸುತ್ತಾನೆ. ಅದೂ ರಸಾಯನಶಾಸ್ತ್ರವೇ. ಬಿಲ್ಲಿನ ಪ್ರಶ್ನೆ ಇರುವುದರಿಂದ ಕಲಿತಿದ್ದಾನೆ.

ಈಗ ಪ್ರಶ್ನೆ ಬಾವಿಯದೂ ಹೌದು. ಬೈಲಹೊಂಗಲ ತಾಲ್ಲೂಕಿನ ದೇಶನೂರು ಸುತ್ತ ಕೇಂದ್ರದ ಪರಮಾಣು ಖನಿಜ ನಿರ್ದೇಶನಾಲಯ ಯುರೇನಿಯಂ ಹುಡುಕಿದೆ. ನಾಳೆ ಗಣಿ ಬೇಕೋ ಬೇಡವೋ, ನಾನು ಹೇಳುವವನಲ್ಲ. ಅಲ್ಲಿನ ಜನ ಹೇಳಬೇಕು. ಹೇಳುವ ಮೊದಲು ಅವರಿಗೆ ಗೊತ್ತಿರಬೇಕಾದದ್ದಿದೆ. ಅದಿರನ್ನು ಪುಡಿ ಮಾಡಿ ಜಾದೂಗುಡದಲ್ಲಿ ಆಮ್ಲದಿಂದ, ತುಮ್ಮಲಪಲ್ಲೆಯಲ್ಲಿ ಕ್ಷಾರದಿಂದ ಯುರೇನಿಯಂ ಕರಗಿಸಿ ತೆಗೆಯುತ್ತಾರೆ. ಉಳಿದ ಕೆಸರು ರೇಡಿಯಂ ಸಮೇತ ಕೊಳದಲ್ಲಿ ನಿಲ್ಲುತ್ತದೆ. ಆ ಕೊಳದ ತಳಕ್ಕೆ ಏನು ಹಾಸುತ್ತಾರೆ, ಸೋರಿದರೆ ಮೊದಲು ಯಾವ ಬಾವಿಯಲ್ಲಿ ಕಾಣುತ್ತದೆ, ಆ ಬಾವಿಯ ನೀರನ್ನು ಯಾರು ಪರೀಕ್ಷಿಸಿ ಯಾವ ಭಾಷೆಯಲ್ಲಿ ವರದಿ ಕೊಡುತ್ತಾರೆ? ಉತ್ತರ ಬಲ್ಲ ಕೆಮಿಕಲ್ ಎಂಜಿನಿಯರರೇ, ನಿಮ್ಮಲ್ಲಿ ಕೆಲವರ ಅವ್ವ ಅಪ್ಪ ಇನ್ನೂ ಆ ಬಾವಿಗಳ ನೀರನ್ನೇ ಕುಡಿಯುತ್ತಿದ್ದಾರೆ.