ತುತ್ತೂರಿಯಲ್ಲಿ ದೇವರನಾಮ

ಕಡೂರು ಸೀಮೆಯ ಪಂಚನಹಳ್ಳಿಯಂತಹ ಊರುಗಳಲ್ಲಿ ಉತ್ಸವಕ್ಕೂ ವಿವಾಹಕ್ಕೂ ವಾಲಗದವರ ಸ್ಥಾನದಲ್ಲಿ ಬ್ಯಾಂಡಿನವರನ್ನು ಕರೆಯಿಸುವುದುಂಟು. ಹಿತ್ತಾಳೆಯ ತುತ್ತೂರಿಗಳಲ್ಲಿ ಸಿನಿಮಾ ಗೀತವು ಮುಗಿದೊಡನೆಯೇ ದಾಸರ ಪದವು ಮೊಳಗುವುದು. ಮ್ಲೇಚ್ಛವಾದ್ಯದಿಂದ ದೇವರಿಗೆ ಮೈಲಿಗೆಯಾಯಿತೆಂದು ಗೊಣಗುವವರು ಕೆಲವರು. ಅವರಿಗೆ ಉತ್ತರವು ಸುಲಭವಾದುದು: ಪಿಟೀಲು ಯಾವ ಋಷಿಯ ಆಶ್ರಮದಿಂದ ಬಂದಿತು? ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನನ್ನು ಕೇಳಿ ಮನಸೋತ ಕದ್ರಿ ಗೋಪಾಲನಾಥರು (1949–2019) ಅದನ್ನು ಗಮಕಕ್ಕೆ ಒಗ್ಗಿಸಿಕೊಂಡು ಕೃತಿಗಳನ್ನು ನುಡಿಸಿದರು. ಕೇಳಿದವರಾರೂ ಸ್ನಾನಕ್ಕೆ ಓಡಲಿಲ್ಲ.

ಆಕ್ಷೇಪಾರ್ಹರು ಇನ್ನೊಂದು ಪಕ್ಷದವರು. ರೋಮನ್ ಕ್ರೈಸ್ತರು ತಮ್ಮ ಲ್ಯಾಟಿನ್ ಸ್ತೋತ್ರಗಳನ್ನು ತುತ್ತೂರಿಗೂ ಆರ್ಗನ್ನಿಗೂ ಹೊಂದಿಸಿಲ್ಲವೆ, ನಮಗೇಕೆ ಈ ಮಡಿ, ಎಂದು ಇವರ ಪ್ರಶ್ನೆ. ಹೊಂದಿಸಿರುವುದು ನಿಜ. ವೆನಿಸ್ ನಗರದ ಗೇಬ್ರಿಯೇಲಿಯು 1597ರಲ್ಲಿ ಅಚ್ಚು ಹಾಕಿಸಿದ ಸಂಗ್ರಹದ ಮುಖಪುಟದಲ್ಲಿಯೇ ಇವು ಕಂಠಗಳಿಗೂ ವಾದ್ಯಗಳಿಗೂ ಸಲ್ಲುವುವೆಂದು ಕಂಡಿದೆ. ಆದರೆ ಅಲ್ಲಿ ಆರು, ಎಂಟು, ಹದಿನಾರು ಕಂಠಗಳಿಗೆ ಬೇರೆಬೇರೆ ಸ್ವರಪಂಕ್ತಿಗಳನ್ನು ರಚನಕಾರನೇ ಬರೆದಿಟ್ಟಿರುವನು. ಒಂದೊಂದು ಪಂಕ್ತಿಯನ್ನು ಒಂದೊಂದು ವಾದ್ಯವು ವಹಿಸಿಕೊಂಡರೆ ಹೊಸದಾಗಿ ಸೇರುವುದು ಏನೂ ಇಲ್ಲ. ಹಾಗಿದ್ದೂ 1903ರಲ್ಲಿ ಹತ್ತನೆಯ ಪಯಸ್ ಪೋಪರು ದೇವಾಲಯದೊಳಗೆ ಬ್ಯಾಂಡನ್ನು ನಿಷೇಧಿಸಿ, ಹೊರಗಿನ ಮೆರವಣಿಗೆಗೆ ಮಾತ್ರ, ಅದೂ ಲೌಕಿಕ ಗೀತಗಳನ್ನು ನುಡಿಸಬಾರದೆಂಬ ನಿಬಂಧನೆಯೊಡನೆ, ಅವಕಾಶವಿತ್ತರು. ಉದಾಹರಣೆ ಕೊಡುವವರು ಇದನ್ನೇಕೆ ನುಂಗುವರೋ!

ನಮ್ಮ ಕೀರ್ತನೆಯಾದರೋ ಏಕಪಂಕ್ತಿಯದು. ಹತ್ತು ವಾದ್ಯಗಳಿಗೆ ಕೆಲಸ ಕೊಡಬೇಕಾದರೆ ಅದರ ಕೆಳಗೆ ಇಲ್ಲದ ಸ್ವರಗಳನ್ನು ತುಂಬಲೇಬೇಕು. ಮೋಹನರಾಗವನ್ನು ನೋಡಿರಿ. ಅದರಲ್ಲಿ ಮಧ್ಯಮವೂ ನಿಷಾದವೂ ವರ್ಜ್ಯ. ಪಂಚಮದ ಮೇಲೆ ಪಾಶ್ಚಾತ್ಯರ ಸ್ವರಗುಚ್ಛವನ್ನು ಕಟ್ಟಿದರೆ ನಿಷಾದವು ನುಗ್ಗುವುದು. ಮಧ್ಯಮದ ಗುಚ್ಛಕ್ಕೆ ಆಧಾರಸ್ವರವೇ ಇಲ್ಲ. ಬ್ಯಾಂಡು ಮುಗಿಯುವ ವೇಳೆಗೆ ಮೋಹನವು ಮೋಹನವಾಗಿ ಉಳಿದಿರುವುದಿಲ್ಲ. ಇನ್ನು ಸಾಹಿತ್ಯದ ಗತಿ. ವಾದ್ಯವು ಗೀತವನ್ನು ಅನುಸರಿಸತಕ್ಕದ್ದೆಂದು ಶಾರ್ಙ್ಗದೇವನು ಹದಿಮೂರನೆಯ ಶತಮಾನದಲ್ಲಿಯೇ ವಿಧಿಸಿದನು. ಪದವನ್ನು ಬಾಯಲ್ಲಿ ಹಾಡಿ ಕಲಿತ ನಾಗಸ್ವರದವನು ಪದಚ್ಛೇದವರಿತು ಉಸಿರು ತೆಗೆಯುವನು. ಮಟ್ಟನ್ನು ಮಾತ್ರ ಕೇಳಿಕೊಂಡವನು ‘ಜಗದೋದ್ಧಾರನ’ ಎಂಬಲ್ಲಿ ‘ಜಗದೋ’ ಎಂದು ನಿಂತು ದಮ್ಮು ಕಟ್ಟಿಕೊಳ್ಳುವನು. ಉದ್ಧಾರವು ಮುಂದಿನ ಉಸಿರಿಗೆ!

ಆದುದರಿಂದ ಉತ್ಸವದ ಯಜಮಾನರು ಮುಂಗಡ ಕೊಡುವ ಮುನ್ನ ಬ್ಯಾಂಡಿನ ಮೇಳದವನಿಂದ ಪಲ್ಲವಿಯನ್ನು ಒಮ್ಮೆ ಬಾಯಲ್ಲಿ ಹೇಳಿಸಲಿ. ಹೇಳಬಲ್ಲವನಾದರೆ ಒಂದೇ ತುತ್ತೂರಿಯು ದೇವರನಾಮವನ್ನು ನುಡಿಸಲಿ, ಇನ್ನೊಂದು ಷಡ್ಜವನ್ನು ಹಿಡಿದು ನಿಲ್ಲಲಿ, ಉಳಿದವರು ಸುಮ್ಮನಿರಲಿ. ಹೇಳಲಾರದವನು ಸಿನಿಮಾ ಗೀತವನ್ನೇ ನುಡಿಸಿಕೊಂಡು ಹೋಗಲಿ.