27ನೇ ನಂಬರ್ ಚಾನೆಲ್ ಹೆಂಗಿತ್ತು ಅಂದ್ರ…

ವೈನಿ, ಮೌಶಿ, ಕಾಕು, ನಮ್ಮ ಓಣಿಯ ಅಕ್ಕಂದಿರು, ಯಾರು ಫೋನ್ ಮಾಡಿದ್ರೂ ಕೇಳೋದು ಒಂದ, "ಅಲ್ಲೆ ಪ್ಯಾರಿಸ್‌ನ್ಯಾಗ ದಿನಾ ಟಿವಿ ಒಳಗ ಏನ್ ನೋಡ್ತೀವಾ?" ಇಲ್ಲಿ ಧಾರಾವಾಹಿ ನನಗ ಅರ್ಧ ತಿಳೀತಾವ, ಅರ್ಧ ತಿಳ್ಯೂದಿಲ್ಲ. ಸುದ್ದಿ ಮಾತ್ರ ದಿನಾ ಹಚ್ಚೇ ಹಚ್ತೀನಿ. ಫ್ರೆಂಚ್ ಕಲೀಲಿಕ್ಕೆ ಅದಕ್ಕಿಂತ ಛಲೋ ಸಾಲಿ ಇಲ್ಲ, ಫೀನೂ ಇಲ್ಲ. ಆವಾಗ ಫೀ ಇಲ್ಲ ಅಂತ ಅನ್ಲಿಕ್ಕೂ ಬರ್ತಿರಲಿಲ್ಲ ಬಿಡ್ರಿ, ಅದರ ಲೆಕ್ಕ ಮುಂದ ಹೇಳ್ತೀನಿ.

2016ರ ಸೆಪ್ಟೆಂಬರ್ 1ಕ್ಕ ಇಲ್ಲೊಂದು ಹೊಸಾ ಸುದ್ದಿ ಚಾನೆಲ್ ಶುರು ಆತು. ಹೆಸರು ಫ್ರಾನ್ಸ್‌ಇನ್ಫೋ. ರಿಮೋಟ್‌ನ್ಯಾಗ ಆವಾಗ 27ನೇ ನಂಬರ್. ಇದು ಸರಕಾರಿ ಮನಿತನದ ಕೂಸು. ಫ್ರಾನ್ಸ್ ಟೆಲಿವಿಷನ್ಸ್, ರೇಡಿಯೋ ಫ್ರಾನ್ಸ್, ಹೊರದೇಶಕ್ಕ ಸುದ್ದಿ ಕೊಡೋ ಫ್ರಾನ್ಸ್ ಮೀಡಿಯಾ ಮೊಂದ್, ಮತ್ತ ಹಳೇ ರೇಡಿಯೋ-ಟಿವಿ ಮುದ್ರಿಕಿ ಜೋಪಾನ ಮಾಡೋ ಇನಾ ಅನ್ನೋ ಸಂಸ್ಥಾ, ಹಿಂಗ ನಾಲ್ಕು ಮನಿಯವರು ಕೂಡಿ ಒಂದ ಒಲಿ ಮ್ಯಾಲೆ ಅಡಗಿ ಮಾಡಿಧಂಗ. 2016ರಾಗ ಆ ನಾಲ್ಕರೊಳಗ ಎರಡಕ್ಕ ಹೆಣ್ಣಮಕ್ಕಳ ಯಜಮಾನಿಕಿ ಇತ್ತು. ಫ್ರಾನ್ಸ್ ಟೆಲಿವಿಷನ್ಸ್‌ಗೆ ಡೆಲ್ಫಿನ್ ಎರ್ನೋತ್, ಹೊರದೇಶದ್ದಕ್ಕ ಮರಿ-ಕ್ರಿಸ್ಟೀನ್ ಸರಗೋಸ್. ಫ್ರಾನ್ಸ್‌ಇನ್ಫೋ ಹೆಸರಿನ ರೇಡಿಯೋ 1987ರಿಂದನ ಅದ, ಕಾರ್ ನಡಸೋ ಮಂದಿಗೆಲ್ಲ ಅದರ ಧ್ವನಿ ಗೊತ್ತು. ಆವಾಗ ಅದಕ್ಕ ಮಾರಿ ಬಂತು ಅನ್ನಬೇಕು.

ಚಾನೆಲ್ ಶುರು ಆಗೋ ಮುಂಚೆ ಇಲ್ಲಿ ಮಂದಿ ಭಾಳ ಮೂಗು ಮುರದ್ರು. "ಮತ್ತೊಂದು ಯಾಕ ಬೇಕು?" ಅಂತ. ಅವರು ಅನ್ನೋದೂ ಖರೇನ. ಬಿಎಫ್‌ಎಂ 2005ರಿಂದ ಅದ, ಆವಾಗಿನ ಐ-ಟೆಲೆ ಅದಕ್ಕಿಂತ ಹಳೇದು, ಎಲ್‌ಸಿಐ ಅನ್ನೋದು 1994ರಿಂದ ರೊಕ್ಕ ಕೊಟ್ಟವರಿಗೆ ಮಾತ್ರ ಇದ್ದದ್ದು 2016ರ ಏಪ್ರಿಲ್‌ನ್ಯಾಗ ಎಲ್ಲಾರಿಗೂ ಪುಕಟ ಆತು. ಅದರ ಮ್ಯಾಲೆ ಇದು ನಾಲ್ಕನೇದು. ಸಾರು ಇದ್ದು ಹುಳಿ ಇದ್ದು ತೊವ್ವಿನೂ ಇದ್ದಾಗ ಮತ್ತೊಂದು ಬೋಗುಣಿ ಯಾಕ ಇಡೋದು, ಅಲ್ಲ?

ಆದ್ರ ಎರಡೂವರಿ ತಿಂಗಳ ಮ್ಯಾಲೆ ನೋಡಿದ ನನ್ನ ಅಭಿಪ್ರಾಯ ಕೇಳಿದ್ರ, ಈ ಬೋಗುಣಿ ಬೇಕಾಗಿತ್ತು. ಯಾಕ ಅನ್ನೋದಕ್ಕ 2015ರ ಮಾತು ಹೇಳಬೇಕು.

2015ರ ಜನವರಿ 9ಕ್ಕ ಪ್ಯಾರಿಸ್ಸಿನ ಪೋರ್ತ್ ದ ವಾನ್ಸೆನ್ ಹತ್ರ ಇಪೆರ್ ಕಶೆರ್ ಅನ್ನೋ ಅಂಗಡಿಯೊಳಗ ಒಬ್ಬಾಂವ ಬಂದೂಕು ಹಿಡಕೊಂಡು ಗಿರಾಕಿಗಳನ್ನ ಕೂಡಿಹಾಕಿದ್ದ. ನಾಲ್ಕು ಮಂದಿ ಜೀವ ಕಳಕೊಂಡ್ರು. ಕೆಲವರು ಕೆಳಗ ಥಂಡಿ ಖೋಲಿಯೊಳಗ ಅಡಗಿ ಕೂತಿದ್ರು, ಒಂದು ಸಣ್ಣ ಕೂಸೂ ಇತ್ತು. ಅವರು ಅಲ್ಲಿ ಅಡಗಿರೋದು ಬಂದೂಕಿನವಗ ಗೊತ್ತಿಲ್ಲ. ಹಂತಾ ಹೊತ್ತಿನ್ಯಾಗ ಒಂದು ಚಾನೆಲ್ ನೇರ ಪ್ರಸಾರದೊಳಗ, ಒಬ್ಬಾಕಿ ಥಂಡಿ ಖೋಲಿಯೊಳಗ ಅಡಗ್ಯಾಳ ಅಂತ ಹೇಳಿಬಿಟ್ತು. ಒಳಗಿನಾಂವ ಟಿವಿ ನೋಡಿದ್ರ ಏನ್ ಗತಿ ಇತ್ತು? ಆಮ್ಯಾಲೆ ಆವಾಗ ಟಿವಿ-ರೇಡಿಯೋ ಮ್ಯಾಲೆ ಕಣ್ಣಿಡ್ತಿದ್ದ ಸಿಎಸ್‌ಎ ಅನ್ನೋ ಸಂಸ್ಥಾ ಆ ಮೂರು ದಿನದ ಪ್ರಸಾರ ಎಲ್ಲಾ ತಪಾಸ ಮಾಡಿ 16 ಟಿವಿ-ರೇಡಿಯೋದವರಿಗೆ 36 ತಪ್ಪು ತೋರಿಸಿ ಎಚ್ಚರಿಕಿ ಕೊಟ್ತು.

ತಪ್ಪು ಬರೇ ಖಾಸಗಿಯವರದಲ್ಲ, ಅದನ್ನೂ ಹೇಳಬೇಕು. 2016ರ ಜುಲೈ 14ಕ್ಕ ನೀಸ್ ಊರಿನ್ಯಾಗ ಹಬ್ಬದ ಮಂದಿ ಮ್ಯಾಲೆ ಲಾರಿ ಹಾಯಿಸಿ 86 ಮಂದಿನ್ನ ಕೊಂದ ರಾತ್ರಿ, ಸರಕಾರಿ ಚಾನೆಲ್ಲ ಹೆಂಡ್ತಿ ಹೆಣದ ಬಾಜೂ ಕೂತ ಒಬ್ಬ ಮನಷ್ಯಾನ ಬಾಯಿಗೆ ಮೈಕ್ ಹಿಡೀತು. ಮರುದಿನ ಕ್ಷಮಾ ಕೇಳಿದ್ರು. ಕ್ಷಮಾ ಕೇಳಿದ್ದು ಛಲೋ, ಆದ್ರ ಮೈಕ್ ಹಿಡಿಯೂಮುಂದ ಒಬ್ಬರಿಗೂ ಕೈ ಹಿಂದ ಬರಲಿಲ್ಲಲ್ಲ ಅಂತ ಅನಸ್ತದ.

ಅದಾಗಿ ಏಳು ವಾರಕ್ಕ ಈ ಚಾನೆಲ್ ಬಂತು. ಹಿಂಗಾಗಿ ನಾನು ನೋಡಿದ್ದು ಇದರ ಬಣ್ಣ, ಸ್ಟುಡಿಯೋ ಅಲ್ಲ. ಇದು ಒದರ್ತದೋ ಇಲ್ಲೋ, ಅದನ್ನ ನೋಡಿದೆ.

ಒದರ್ತಿರಲಿಲ್ಲ. ಹತ್ತು ನಿಮಿಷಕ್ಕೊಮ್ಮೆ ಮುಖ್ಯ ಸುದ್ದಿ ಹೇಳಿ ಮುಗಿಸ್ತಿದ್ರು, ಅದು ರೇಡಿಯೋದವರ ಕೆಲಸ ಆಗಿತ್ತು. ನಡುವ ಒಂದು ವಿಷಯ ಹಿಡದು ಸಾವಕಾಶ ಬಿಡಿಸಿ ಹೇಳ್ತಿದ್ರು. ಇನಾದವರು ಹಳೇ ಮುದ್ರಿಕಿ ತಗದು, ಹಿಂದ ಹಿಂಗ ಆಗಿತ್ತು ನೋಡ್ರಿ ಅಂತ ತೋರಸ್ತಿದ್ರು. ಅಟ್ಟದ ಮ್ಯಾಲಿನ ಟ್ರಂಕ್ ತಗದು ಅಜ್ಜಿ ಫೋಟೋ ತೋರಿಸಿಧಂಗ. ನಡುರಾತ್ರಿ ಆದ್ಮ್ಯಾಲೆ ಫ್ರಾನ್ಸ್ 24 ಚಾನೆಲ್ಲಿನ ಸುದ್ದಿ ಬರ್ತಿತ್ತು. ಅದು 2006ರ ಡಿಸೆಂಬರ್‌ನ್ಯಾಗ ಶುರುವಾದದ್ದು, ಇಂಗ್ಲೀಷಿನ್ಯಾಗೂ ಅದ, ಇಂಟರ್‌ನೆಟ್ ಒಳಗ ನೀವೂ ನೋಡಬಹುದು. ಆಫ್ರಿಕಾ, ಅರಬ ದೇಶ, ನಮ್ಮ ಏಷ್ಯಾ, ಹಿಂಗ ಫ್ರಾನ್ಸ್ ಬಿಟ್ಟು ಜಗತ್ತೂ ಅದ ಅನ್ನೋದು ಅಲ್ಲಿ ಕಾಣಸ್ತದ.

ನಮ್ಮ ಮ್ಯಾಲಿನ ಮಜಲಿನ ಅಜ್ಜಿ, ಒಬ್ಬಾಕೀನ ಇರೋ ಜೀವ, 2015ರ ನವೆಂಬರ್ 13ರ ದಾಳಿ ಆದಾಗಿಂದ ಮುಂಜಾನಿಂದ ರಾತ್ರಿ ತನಕಾ ಸುದ್ದಿ ಹಚ್ಚಿ ಕೂಡ್ತಿದ್ಲು. ನಿದ್ದಿ ಹೋತು, ಬಾಗಲಾ ತಗೀಲಿಕ್ಕೂ ಅಂಜೋಳು. ಆಮ್ಯಾಲೆ 27 ಹಚ್ಚಲಿಕ್ಕೆ ಹತ್ತಿದ್ಲು. "ಇದನ್ನ ನೋಡಿದ್ರ ನಿದ್ದಿ ಬರ್ತದ" ಅಂತಿದ್ಲು. ಹೊಗಳಿದ್ಲೋ ಬೈದ್ಲೋ ಗೊತ್ತಾಗಲಿಲ್ಲ, ಎರಡೂ ಇರಬಹುದು.

ಇನ್ನೊಬ್ಬಾಕಿ, ಬಾಜೂ ಮನಿಯಾಕಿ, ಇದು ಟಿವಿನೇ ಅಲ್ಲ, ದೊಡ್ಡ ಫೋನ್ ಅಂತಾಳ. ಆಕಿ ಮಾತಿನ್ಯಾಗೂ ಹುರುಳದ. ಆವಾಗ ಭಾಳ ತುಣುಕು ಫೋನಿನ ಸಲುವಾಗಿನ ಮಾಡಿಧಂಗ ಇರ್ತಿದ್ವು. ಮಾತ ಇಲ್ಲ, ಹಿಂದ ಸಂಗೀತ, ಪರದೆ ಮ್ಯಾಲೆ ದಪ್ಪ ಅಕ್ಷರ. ಬಸ್ಸಿನ್ಯಾಗ ಕೂತು ನೋಡೋರಿಗೆ ಛಲೋ. ಆದ್ರ ಒಲಿ ಮುಂದ ನಿಂತು ಒಗ್ಗರಣಿ ಹಾಕ್ತ ಸುದ್ದಿ ಕೇಳೋ ನಮ್ಮಂಥವರಿಗೆ? ಕೈ ಹಿಟ್ಟಿನ್ಯಾಗ ಇರ್ತದ, ಕಣ್ಣು ಬಾಣಲಿ ಮ್ಯಾಲೆ ಇರ್ತದ, ಕಿವಿ ಒಂದ ಖಾಲಿ. ಆ ಕಿವಿಗೆ ಇವರು ಬರೇ ಪಿಟೀಲು ಕೇಳಸ್ತಿದ್ರು. ಕಣ್ಣು ಮಂಜಾದ ಅಜ್ಜಿಗೂ ಹಂಗ. ಹೊಸಾ ಹುಡುಗರನ್ನ ಕರೀಲಿಕ್ಕೆ ಹೋಗಿ ದಿನಾ ಬರೋ ಬೀಗರನ್ನ ಮರತಾರ ಅನಸ್ತದ ನನಗ.

ಇನ್ನ ರೊಕ್ಕದ ಲೆಕ್ಕ. 2016ರಾಗ ಇಲ್ಲಿ ಟಿವಿ ಇರೋ ಮನಿಗೆ ವರ್ಷಕ್ಕೊಮ್ಮೆ 137 ಯೂರೋ ಕರ ಇತ್ತು, ಆವಾಗಿನ ಲೆಕ್ಕದಾಗ ನಮ್ಮ ರೂಪಾಯಿಲೆ ಸುಮಾರು ಹತ್ತು ಸಾವಿರ. ಆ ನವೆಂಬರ್‌ದಾಗ ನಮಗೂ ಮನಿ ಕರದ ಜೋಡಿ ಬಿಲ್ ಬಂತು. "ಶೇಕಡಾ ಒಬ್ಬರೂ ನೋಡದ ಚಾನೆಲ್ಲಿಗೆ ನಾವ್ಯಾಕ ಕೊಡಬೇಕು?" ಅಂತ ನಮ್ಮನಿಯವರು ಬಿಲ್ ಬೀಸಿ ಕೇಳಿದ್ರು. ಅವರ ಲೆಕ್ಕ ಸುಳ್ಳಲ್ಲ, ಆವಾಗ ಇದರ ಪ್ರೇಕ್ಷಕರು ಶೇಕಡಾ 1ಕ್ಕಿಂತ ಕಡಿಮಿ ಇದ್ರು.

ನಾ ಐ-ಟೆಲೆ ಕಥಿ ಹೇಳಿದೆ. ಅಲ್ಲಿ 2016ರ ಅಕ್ಟೋಬರ್ 17ರಿಂದ 31 ದಿನ ಪತ್ರಕರ್ತರು ಮುಷ್ಕರ ಹೂಡಿದ್ರು. ಸಣ್ಣ ಹುಡುಗರ ವಿಷಯದಾಗ ಆರೋಪ ಹೊತ್ತು ತನಿಖಿ ಎದುರಸ್ತಿದ್ದ ಒಬ್ಬ ನಿರೂಪಕನ್ನ ಮಾಲಕರು ತಂದು ಕೂಡಿಸಿದ್ರು, ಇವರು ಬ್ಯಾಡ ಅಂದ್ರು. ಸುದ್ದಿ ಮ್ಯಾಲೆ ಮಾಲಕರ ಕೈ ಇರಬಾರದು ಅಂತನೂ ಕೇಳಿದ್ರು. ತಿಂಗಳು ಕೂತ್ರೂ ಮಾಲಕರು ಜಗ್ಗಲಿಲ್ಲ, ಆಮ್ಯಾಲೆ ಭಾಳ ಮಂದಿ ನೌಕರಿ ಬಿಟ್ಟು ಹೋದ್ರು. ಪುಕಟ ಚಾನೆಲ್ ಅಂದ್ರ ಹಿಂಗ ನೋಡ್ರಿ. ಅಡಗಿ ರೊಕ್ಕ ಯಾರು ಕೊಡ್ತಾರ, ಉಪ್ಪು ಖಾರ ಅವರ ಹೇಳಿಧಂಗ.

ಹಂಗಾರ ಸರಕಾರಿ ಚಾನೆಲ್ ಸರಕಾರದ ಹಾಡು ಹಾಡೂದಿಲ್ಲೇನು ಅಂತ ನೀವು ಕೇಳ್ತೀರಿ. ಕೇಳಬೇಕು. ಇಲ್ಲಿ ಅದಕ್ಕೊಂದು ಕಟ್ಟ ಹಾಕ್ಯಾರ. ಫ್ರಾನ್ಸ್ ಟೆಲಿವಿಷನ್ಸ್‌ಗೆ ಯಾರು ಹಿರಿಯರು ಅಂತ ಮೊದಲು ದೇಶದ ಅಧ್ಯಕ್ಷರ ಆರಿಸ್ತಿದ್ರು, 2013ರ ಕಾಯ್ದೆ ಆದ್ಮ್ಯಾಲೆ ಸಿಎಸ್‌ಎ ಆರಸ್ತಿತ್ತು. ಅಷ್ಟಕ್ಕ ಎಲ್ಲಾ ಸರಿ ಆಗ್ತದಂತಲ್ಲ. 2017ರ ಏಪ್ರಿಲ್-ಮೇ ಒಳಗ ಅಧ್ಯಕ್ಷರ ಚುನಾವಣಿ ಇತ್ತು, ಆವಾಗ ಖರೇ ಪರೀಕ್ಷಾ. ಯಾರ ಭಾಷಣ ಎಷ್ಟು ಹೊತ್ತು ತೋರಸ್ತಾರ ಅಂತ ನಾನೂ ಗಡಿಯಾರ ಹಿಡಕೊಂಡು ಕೂಡೋಳಿದ್ದೆ.

ನನ್ನ ಆ 137 ಯೂರೋ ಬಗ್ಗೆ ನನಗ ಹೊಟ್ಟಿಉರಿ ಇಲ್ಲ. ಒಬ್ಬಾಕೀನ ಇರೋ ಮುದುಕಿಗೆ ಅಂಜಿಕಿ ಹುಟ್ಟಿಸಲಾರದ ಸುದ್ದಿ ಹೇಳೋ ಚಾನೆಲ್ ಒಂದರೆ ಇರಲಿ. ನಮ್ಮ ಕಡೆ ಸುದ್ದಿ ಹಚ್ಚಿದ್ರ ಪರದೆ ತುಂಬ ಬೆಂಕಿ, ಸಿಡ್ಲು, ಒಂದ ಮಾತು ನಲವತ್ತು ಸಲ. ಅತ್ತಿಯವರು ಅದನ್ನ ಹಚ್ಚಿ ಬಿಪಿ ಗುಳಗಿ ತಗೋಳೋದು ಎಲ್ಲಾರಿಗೂ ಗೊತ್ತಿದ್ದದ್ದ. ಹತ್ತು ನಿಮಿಷ ಸುದ್ದಿ ಕೇಳಿ ಆರಿಸೋದು ರೂಢಿ ಮಾಡಿಸ್ರಿ ಅವರಿಗೆ. ಆಮ್ಯಾಲೆ ಏನಾತು ಅಂತ ನನಗೂ ಬರೀರಿ.